ಸುಣ್ಣ ಅಂದ್ರು, ಚೌಳು ಅನ್ನಲಿಲ್ಲ

ನಿಮಗೂ ಹಿಂಗಾಗಿದ್ಯಾ, ಹೇಳಿ ನೋಡೋಣ. ಬೀಜ ಒಳ್ಳೇದು, ಹದ ಒಳ್ಳೇದು, ಬಿತ್ತಿದ್ದೂ ಸರಿಯಾಗೇ. ಅಕ್ಕಪಕ್ಕದ ಹೊಲದಲ್ಲೆಲ್ಲ ಹತ್ತಿ ಎರಡೆಲೆ ಬಿಟ್ಟು ನಿಂತಿದೆ. ನಿಮ್ಮ ಹೊಲದಲ್ಲಿ ಮಾತ್ರ ಅಲ್ಲೊಂದು ಇಲ್ಲೊಂದು, ನಡುವೆ ಬೋಳು. ಆ ಬೋಳು ಜಾಗ ಬೆಳಿಗ್ಗೆ ಹೊತ್ತು ಒದ್ದೆ ಒದ್ದೆ ಕಾಣುತ್ತೆ, ಬಿಸಿಲೇರಿದ ಮೇಲೆ ಹಿಟ್ಟು ಚೆಲ್ಲಿದಂಗೆ ಬೆಳ್ಳಗಾಗುತ್ತೆ. ಯಾರನ್ನ ಕೇಳಿದ್ರೂ ನೇರವಾಗಿ ಉತ್ತರ ಕೊಡಲ್ಲ, ಆಕಾಶ ನೋಡ್ತಾರೆ. ಆಗಿದ್ಯಾ?

ಆಗಿದ್ರೆ ಓದಿ. ಆಗಿಲ್ದಿದ್ರೂ ಓದಿ. ಅದ್ರಲ್ಲೂ ಈಗಷ್ಟೇ ಡಿಪ್ಲೊಮಾ ಮುಗಿಸಿ ಕೊರಳಿಗೆ ಕಾರ್ಡ್ ಹಾಕ್ಕೊಂಡು ಬೀಜದ ಕಂಪನಿಗಳಿಗೆ ಸೇರ್ತಿರೋ ಹುಡುಗ್ರು ಹುಡುಗೀರು ಓದಿ. ನಾನು ಅದೇ ಕೆಲಸ ಮಾಡಿದೋಳು. ಮಂಡಿ ಕೈಕೊಟ್ಟ ಮೇಲೆ ಹೋದ ವರ್ಷ ಬಿಟ್ಟೆ. ವಯಸ್ಸು ಇನ್ನೂ ಐವತ್ತರ ಆಸುಪಾಸು, ಆದ್ರೂ ಮನೇಲಿ ಎಲ್ಲರೂ ರಿಟೈರ್ಡ್ ಅಂತಲೇ ಕರೀತಾರೆ, ಆಗ್ಲಿ. ನನಗೆ ಯಾವಾಗ ಏನು ಪ್ರಮೋಷನ್ ಸಿಕ್ತು, ಯಾರು ಶಾಲು ಹೊದಿಸಿದ್ರು ಅನ್ನೋದೆಲ್ಲ ಬಿಟ್ಬಿಡಿ. ಆ ಶಾಲು ಈಗ ಸ್ಕೂಟಿ ಒರೆಸೋಕೆ ಇದೆ.

ನಾನು ಹೇಳೋಕೆ ಹೊರಟಿರೋದು ಭಯದ ವಿಷಯ. ಈ ಕೆಲಸದಲ್ಲಿ ಭಯ ಇದೆ ಅಂತ ಯಾವ ಟ್ರೈನಿಂಗಲ್ಲೂ ಹೇಳಲ್ಲ. ರೈತ ಬಂದು ನಿಮ್ಮ ಮುಖ ನೋಡ್ತಾನೆ. ನೀವು ಒಂದು ಮಾತು ಹೇಳ್ತೀರಿ. ಅವನು ಅದನ್ನ ನಂಬಿ ನೆಲಕ್ಕೆ ಹಾಕ್ತಾನೆ. ಆಮೇಲೆ ಮೊಳಕೆ ಬರೋ ತನಕ ಅವನ ಫೋನು ಬಂದ್ರೆ ಎತ್ತೋಕೆ ಹೆದರ್ತೀರಿ ನೋಡಿ, ಅದು. ನನಗಂತೂ ಕೊನೇ ದಿನದವರೆಗೂ ಹೋಗಲಿಲ್ಲ.

ನಾನು ಶುರು ಮಾಡಿದ್ದು ಸೊರಬದ ಕಡೆ. ಅಲ್ಲಿ ಮಣ್ಣು ಕೆಂಪು, ಮಳೆ ಜೋರು. ವರ್ಷ ವರ್ಷ ಮಳೆ ತೊಳೆದೂ ತೊಳೆದೂ ಮಣ್ಣು ಹುಳಿಯಾಗಿರುತ್ತೆ. ಅದಕ್ಕೆ ಮದ್ದು ಸುಣ್ಣ. ಬೇಸಿಗೇಲಿ ಎರಚಿ ಉತ್ತು ಬಿಟ್ರೆ ಜೋಳ, ಶುಂಠಿ ಎಲ್ಲ ಎದ್ದು ನಿಲ್ಲುತ್ತೆ. ಹಂಗಾಗಿ ಆ ಕಡೆ ಹೊಲ ಬೆಳ್ಳಗೆ ಕಂಡ್ರೆ ಜನ ಖುಷಿ ಪಡ್ತಾರೆ. "ಅಡ್ಡಿಲ್ಲ ಮಾರ್ರೆ, ಇವ ಜಮೀನು ಚೆಂದ ನೋಡ್ಕಂಡಾನೆ" ಅಂತಾರೆ. ಬಿಳಿ ನೆಲ ಅಂದ್ರೆ ಆರೈಕೆ ಮಾಡಿದ ನೆಲ. ಈ ಮಾತು ಮನಸ್ಸಲ್ಲಿಟ್ಕೊಳ್ಳಿ. ಮುಂದಾಗಿದ್ದಕ್ಕೆಲ್ಲ ಬೇರು ಇಲ್ಲೇ ಇರೋದು.

ಆಮೇಲೆ ನನ್ನನ್ನ ಶಿಕಾರಿಪುರಕ್ಕೆ ಹಾಕಿದ್ರು, ಹತ್ತಿ ಬೀಜದ ಕೆಲಸಕ್ಕೆ. ಶಿಕಾರಿಪುರದಿಂದ ಈಸೂರು ದಾಟಿ ಬಯಲು ಕಡೆ ಹೋದಂಗೆಲ್ಲ ಮಣ್ಣಿನ ಬಣ್ಣ ತಿರುಗುತ್ತೆ. ಕೆಂಪು ಹೋಗಿ ಕಪ್ಪು ಬರುತ್ತೆ. ಮೊದಲನೇ ದಿನ ನಮ್ಮ ಏರಿಯಾ ಮ್ಯಾನೇಜರ್ ನನ್ನನ್ನ ಜೀಪಲ್ಲಿ ಕೂರಿಸ್ಕೊಂಡು, ಕಿಟಕಿ ಗಾಜು ಏರಿಸಿ, ಹೇಳಿದ್ರು.

"ಮೇಡಂ, ರೈತರ ಮುಂದೆ ಒಂದು ಪದ ಎತ್ತಬಾರದು."

"ಯಾವ್ದು ಸರ್?"

"ಚೌಳು."

ಬಾಂಬು ಅಂದಂಗೆ ಹೇಳಿದ್ರು. ಡ್ರೈವರ್ ಕೂಡ ಒಂದ್ಸಲ ಹಿಂದಕ್ಕೆ ತಿರುಗಿ ನೋಡಿದ.

ಗೊತ್ತಿಲ್ಲದೋರಿಗೆ ಹೇಳ್ತೀನಿ. ಚೌಳು ಅಂದ್ರೆ ಉಪ್ಪು ಏರಿದ ಮಣ್ಣು. ತಗ್ಗಲ್ಲಿರೋ ಕಪ್ಪು ನೆಲದಲ್ಲಿ ನೀರು ಬಸಿದು ಹೋಗೋಕೆ ದಾರಿ ಇಲ್ಲ ಅಂದ್ರೆ, ನೀರು ಕೆಳಗೇ ನಿಂತು, ಬಿಸಿಲಿಗೆ ಮೇಲೆ ಬಂದು, ಆವಿಯಾಗಿ ಹೋಗಿ, ತಾನು ಹೊತ್ತು ತಂದ ಉಪ್ಪನ್ನ ಮೇಲೇ ಬಿಟ್ಟು ಹೋಗುತ್ತೆ. ಒಂದು ಸಲ ಒಂದು ಹೊಲಕ್ಕೆ ಚೌಳು ಅಂತ ಹೆಸರು ಅಂಟಿದ್ರೆ ಮುಗೀತು. ಕೊಳ್ಳೋರಿಲ್ಲ, ಲಾವಣಿಗೆ, ಅಂದ್ರೆ ಗುತ್ತಿಗೆಗೆ, ಹಿಡಿಯೋರಿಲ್ಲ. ಆ ಮನೆಗೆ ಹೆಣ್ಣು ಕೊಡೋರು ಸುದ್ದಿ ಕೇಳಿ ಬೇರೆ ದಾರಿ ಹಿಡೀತಾರೆ. ಅದಕ್ಕೆ ಆ ಸುತ್ತಿನೋರು ಅದನ್ನ ಬಾಯಿ ಬಿಟ್ಟು ಹೇಳಲ್ಲ. ಬೇರೆ ಪದ ಇಟ್ಕೊಂಡಿದಾರೆ. "ಒಂಚೂರು ಸುಣ್ಣ ಐತ್ರಿ ನೆಲದಾಗೆ" ಅಂತಾರೆ. ಕೇಳೋನೂ ಆ ಸೀಮೆಯೋನೇ ಆದ್ರೆ ಅರ್ಥ ಮಾಡ್ಕೊಂಡು ಎದ್ದು ಹೋಗ್ತಾನೆ. ಯಾರ ಮರ್ಯಾದೆನೂ ಹೋಗಲ್ಲ.

ಕೇಳೋನು ಸೊರಬದೋನಾದ್ರೆ?

ಕೆರಿಯಪ್ಪ ಸೊರಬದೋರು. ಅವರ ಹೆಂಡ್ತಿ ಸರೋಜಮ್ಮನೂ ಆ ಕಡೆಯೋರೇ. ನಾನು ಸೊರಬದಲ್ಲಿದ್ದಾಗಿಂದ್ಲೂ ಪರಿಚಯ, ಸರೋಜಮ್ಮ ನನ್ನನ್ನ ಅಕ್ಕ ಅಂತಲೇ ಕರೆಯೋದು. ಕೆರಿಯಪ್ಪ ಟ್ರ್ಯಾಕ್ಟರ್ ಓಡಿಸ್ತಾರೆ. ತಮ್ಮ ಪಾಲಿನ ಗುಡ್ಡದ ಜಾಗ ಅಣ್ಣನಿಗೇ ಬಿಟ್ಟುಕೊಟ್ಟು, ಬಂದ ದುಡ್ಡಲ್ಲಿ ಶಿಕಾರಿಪುರದ ಪೂರ್ವಕ್ಕೆ ಒಂದು ಕಪ್ಪು ಹೊಲ ತಗೊಂಡ್ರು. ಊರ ಹೆಸರು ಬರೆಯಲ್ಲ. ಅಂಜನಾಪುರ ಡ್ಯಾಮಿನ ಚಾನಲ್ ನೀರು ಕೊನೆಗೆ ಮುಟ್ಟೋ ಜಾಗ ಅಂತಿಟ್ಕೊಳ್ಳಿ. ಸಮತಟ್ಟು, ಕಲ್ಲಿಲ್ಲ, ಕೈಲಿ ಹಿಡಿದ್ರೆ ಬೆಣ್ಣೆ ಥರ ಮಣ್ಣು. ರಿಜಿಸ್ಟರ್ ಆದ ಮೇಲೆ ನನಗೆ ಸರೋಜಮ್ಮನ ಫೋನು.

"ಅಕ್ಕಾ, ನಮಿಗೆ ಲಾಟರಿ ಹೊಡೀತು. ಸುಣ್ಣ ಹಾಕಿದ ನೆಲ ಸಿಕ್ಕೈತೆ!"

ನಾನು ಸ್ಕೂಟಿ ನಿಲ್ಲಿಸಿದೆ. "ಯಾರು ಹೇಳಿದ್ರು ಸುಣ್ಣ ಅಂತ?"

"ಮಾರಿದೋರೇ ಹೇಳಿದ್ರು. ಪಾಪ, ಮುಚ್ಚಿಡ್ಲಿಲ್ಲ ಮಾರ್ರೆ. ಒಂಚೂರು ಸುಣ್ಣ ಐತಿ ನೋಡ್ರಿ ಅಂದ್ರು. ಒಂಚೂರು ಯಾಕೆ, ಜಾಸ್ತಿನೇ ಇರ್ಲಿ ಬಿಡ್ರಿ ಅಂದ್ರು ನಮ್ಮನೆಯೋರು. ಮೊನ್ನೆ ಇನ್ನೊಂದು ಲೋಡು ತರಿಸಿ ನಾವೂ ಹಾಕೀವಿ."

ಮಾರಿದೋನು ಅವನ ಸೀಮೆ ಲೆಕ್ಕದಲ್ಲಿ ಸತ್ಯನೇ ಹೇಳಿದಾನೆ. ಇವರು ಇವರ ಸೀಮೆ ಲೆಕ್ಕದಲ್ಲಿ ಸತ್ಯನೇ ಕೇಳಿಸ್ಕೊಂಡಿದಾರೆ. ಯಾರನ್ನ ಹಿಡಿದು ಕೇಳ್ತೀರಿ? ಹುಳಿ ಮಣ್ಣಿಗೆ ಹಾಕೋ ಸುಣ್ಣನ ಉಪ್ಪಿನ ಮಣ್ಣಿಗೆ ಹಾಕೋದು ಅಂದ್ರೆ, ಜ್ವರ ಬಂದೋನ ಕಾಲಿಗೆ ಕಟ್ಟು ಕಟ್ಟಿದಂಗೆ. ಖರ್ಚು ದಂಡ, ಉಪ್ಪು ಅಲ್ಲೇ.

ಫೋನಲ್ಲಿ ಹೇಳೋ ಧೈರ್ಯ ಬರಲಿಲ್ಲ. ಮಣ್ಣು ನೋಡದೆ ಹೇಳಬಾರದು ಅನ್ನೋದೂ ಒಂದು. ಹೋಗಿ ನೋಡೋಣ ಅನ್ನೋಷ್ಟರಲ್ಲಿ ಮಳೆ ಹಿಡೀತು, ಅವರು ಬಿತ್ತಿಬಿಟ್ರು.

ನಾನು ಹೊಲಕ್ಕೆ ಹೋದಾಗ ಸರೋಜಮ್ಮ ಕುಕ್ಕರುಗಾಲಲ್ಲಿ ಕೂತು ಬೆರಳಲ್ಲಿ ಮಣ್ಣು ಕೆದಕ್ತಿದ್ಲು. ಸಾಲು ಸಾಲೇ ಬೋಳು. ಕೆದಕಿದ ಬೀಜ ಕೈಲಿಟ್ಟು ತೋರಿಸಿದ್ಲು. ಬೀಜ ಉಬ್ಬಿದೆ, ಒಂಚೂರು ಬೇರು ಬಿಟ್ಟಿದೆ, ಬೇರಿನ ತುದಿ ಕಂದಾಗಿ ನಿಂತುಬಿಟ್ಟಿದೆ.

"ಬೀಜನೇ ಜೊಳ್ಳಾ ಅಕ್ಕ? ನಿಮ್ಮ ಕಂಪನೀದೇ ಇದು."

ಬೀಜದ್ದಲ್ಲ ತಪ್ಪು ಅಂತ ಹೇಳಿದ್ರೆ ಕಂಪನಿ ಪರ ಮಾತಾಡಿದಂಗಾಗುತ್ತೆ. ನಾನು ಬೋಳು ಜಾಗದ ಮೇಲಿಂದ ಚಿಟಿಕೆ ಮಣ್ಣು ತೆಗೆದು ಅವಳ ಅಂಗೈಗೆ ಹಾಕಿದೆ. "ನಾಲಿಗೆ ತುದಿಗೆ ಮುಟ್ಸು" ಅಂದೆ.

ಮುಟ್ಸಿದ್ಲು. ತುಪಕ್ಕನೆ ಉಗುಳಿದ್ಲು. "ಉಪ್ಪು!" ಅಂದ್ಲು. ಆಮೇಲೆ ನನ್ನ ಮುಖ ನೋಡಿದ್ಲು. "ಸುಣ್ಣ ಅಂದಿದ್ರಲ್ಲ?"

"ಇಲ್ಲಿ ಸುಣ್ಣ ಅಂದ್ರೆ ಇದೇ ಸರೋಜಾ. ಇದರ ನಿಜವಾದ ಹೆಸರು ಚೌಳು."

ಆ ಹೆಣ್ಣುಮಗಳು ಅಳ್ತಾಳೆ ಅಂದ್ಕೊಂಡಿದ್ದೆ. ಅಳಲಿಲ್ಲ. ಹೊಲದ ಅಂಚಿನ ಕಡೆ ನೋಡಿದ್ಲು. ಯಾಕೆ ನೋಡಿದ್ಲು ಅಂತ ನನಗೂ ಗೊತ್ತಾಯ್ತು. ಅವರ ಹೊಲದ ಪಕ್ಕದಲ್ಲೇ ಇಟ್ಟಿಗೆ ಭಟ್ಟಿಯೋರು ಮಣ್ಣು ತೆಗೆದ ಗುಂಡಿ. ಒಂದಾಳು ನಿಂತ್ರೂ ತಲೆ ಕಾಣಲ್ಲ, ಅಷ್ಟು ಆಳ. ಅದೂ ಒಂದು ಕಾಲಕ್ಕೆ ಯಾರದ್ದೋ ಹೊಲ. ಹೊರಗಿನ ಸೀಮೆಯಿಂದ ಬಂದು ಭಟ್ಟಿ ಹಾಕಿದ್ದ ಪರಮೇಶಪ್ಪ ಅನ್ನೋರು ಕೆರಿಯಪ್ಪನಿಗೆ ಆಗ್ಲೇ ಹೇಳಿದ್ರಂತೆ, "ಹತ್ತಿ ಬರ್ಲಿಲ್ಲ ಅಂದ್ರೆ ಮಣ್ಣು ನಮಗೆ ಕೊಡ್ರಿ, ಎರಡಾಳು ಆಳ ತಗೀತೀವಿ ಅಷ್ಟೆ" ಅಂತ. ಅಷ್ಟೆ ಅಂತೆ! ಎರಡಾಳು ಆಳ ತೆಗೆದ ಮೇಲೆ ಉಳಿಯೋದು ಹೊಲ ಅಲ್ಲ, ಮಳೆಗಾಲದಲ್ಲಿ ಎಮ್ಮೆ ಮುಳುಗೋ ಹೊಂಡ.

"ನಮ್ಮನೆಯೋರು ಕೊಟ್ಟುಬಿಡ್ತಾರೆ ಅಕ್ಕ" ಅಂದ್ಲು. "ಒಂದ್ಸಲ ಮಣ್ಣು ಹೋದ್ರೆ ಮುಗೀತು. ನಂಗೆ ಇನ್ನೆಲ್ಲೂ ಅಂಗೈಯಗಲ ಜಾಗ ಇಲ್ಲ. ಇದು ಬದುಕ್ತದಾ ಇಲ್ವಾ, ಅದೊಂದು ಹೇಳು."

ಹೆಂಗೆ ಹೇಳ್ಲಿ? ಬದುಕುತ್ತೆ ಅಂದು, ಬದುಕದಿದ್ರೆ? ಅವತ್ತು ನಾನು ಅಂದಿದ್ದು ಇಷ್ಟೇ: "ಪರೀಕ್ಷೆ ಮಾಡ್ಸೋಣ. ಅಲ್ಲಿವರೆಗೆ ಮಣ್ಣು ಮಾರದಂಗೆ ಗಂಡನ ಕೈ ಹಿಡ್ಕೊ."

ಇಲ್ಲೊಂದು ಮಾತು, ಹೊಸಬರಿಗೆ. ನಾವು ಸೇರಿದ ಕಾಲಕ್ಕೆ ನಾಲಿಗೆನೇ ಮೀಟರು. ಈಗ ಪೆನ್ನಿನ ಥರದ ಮೀಟರು ಬಂದಿದೆ, ಮಣ್ಣು ಕದಡಿದ ನೀರಲ್ಲಿ ಅದ್ದಿದ್ರೆ ಉಪ್ಪು ಎಷ್ಟು ಅಂತ ತೋರಿಸುತ್ತೆ. ಅದನ್ನೇ ಬಳಸಿ, ನಾಲಿಗೆ ಬೇಡ. ಈಗಿನ ಹೊಲಗಳಿಗೆ ಹೊಡೆಯೋ ಕಳೆನಾಶಕಗಳೇ ಸಾಕು ನಾಲಿಗೆ ಸುಡೋಕೆ. ಆದ್ರೆ ದಯವಿಟ್ಟು ವಾಟ್ಸಾಪ್ ಫೋಟೋ ನೋಡಿ ರೋಗ ಹೇಳಬೇಡಿ. ನಾನು ಆ ಬೋಳು ಹೊಲದ ಫೋಟೋ ಮ್ಯಾನೇಜರ್‌ಗೆ ಕಳಿಸಿದ್ದೆ. ಹಿಂದಕ್ಕೆ ಬಂದ ಉತ್ತರ: "ಸುಣ್ಣ ಜಾಸ್ತಿ ಆಗಿದೆ, ತೊಂದರೆ ಇಲ್ಲ, ಇನ್ನೊಂದು ಪ್ಯಾಕೆಟ್ ಬಿತ್ತಿಸಿ." ಫೋಟೋಗೆ ರುಚಿ ಇರಲ್ಲ ರೀ. ಸುಣ್ಣನೂ ಬಿಳಿ, ಉಪ್ಪೂ ಬಿಳಿ.

ಮಣ್ಣನ್ನ ಮೇಲಿಂದ ಒಂದಷ್ಟು, ಕೆಳಗಿಂದ ಒಂದಷ್ಟು ಬೇರೆ ಬೇರೆ ತೆಗೆದು ಲ್ಯಾಬಿಗೆ ಕಳಿಸಿದೆ. ಹೊಲದ ಕೊಳವೆ ಬಾವಿ ನೀರೂ ಕಳಿಸಿದೆ. ಬಂದ ಉತ್ತರ ಅರ್ಧ ಹೆದರಿಸ್ತು, ಅರ್ಧ ಉಸಿರು ಕೊಡ್ತು. ಬಾವಿ ನೀರೂ ಉಪ್ಪೇ. ಆ ನೀರು ಹಾಯಿಸಿದಷ್ಟೂ ಹೊಲಕ್ಕೆ ಉಪ್ಪು ಬಡಿಸಿದಂಗೆ. ಆದ್ರೆ ಮಣ್ಣಲ್ಲಿರೋದು ನೀರಿಗೆ ಕರಗೋ ಉಪ್ಪು. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ, ಸೋಡಿಯಂ ಮಣ್ಣಿಗೇ ಕಚ್ಕೊಂಡು ನೆಲನ ಸಿಮೆಂಟ್ ಮಾಡಿಬಿಡುತ್ತೆ, ಹನಿ ನೀರೂ ಕೆಳಗಿಳಿಯಲ್ಲ. ಅದಕ್ಕಾದ್ರೆ ಜಿಪ್ಸಂ ಬೇಕು. ಇದಕ್ಕೆ ಬೇಡ. ಇದಕ್ಕೆ ಸಿಹಿ ನೀರು ಬೇಕು, ತೊಳೆದ ನೀರು ಹೊರಗೆ ಹೋಗೋಕೆ ದಾರಿ ಬೇಕು. ಅಂಗಡಿಯೋರು ಕೇಳಿದ ತಕ್ಷಣ ಜಿಪ್ಸಂ ಚೀಲ ಇಳಿಸ್ತಾರೆ. ಯಾವ ಕಾಯಿಲೆ ಅಂತ ತಿಳ್ಕೊಳ್ಳದೆ ಚೀಲ ಬಿಚ್ಚಿಸಬೇಡಿ.

ಈ ಸುದ್ದಿ ಹೇಳೋಕೆ ಅಂತ ಹೊಲಕ್ಕೆ ಹೋದ್ರೆ, ಬದುವಿನ ಮೇಲೆ ಪರಮೇಶಪ್ಪನ ಬುಲೆಟ್ ನಿಂತಿತ್ತು. ಕೆರಿಯಪ್ಪ ಪಕ್ಕದಲ್ಲಿ ಕೈಕಟ್ಕೊಂಡು ನಿಂತಿದ್ರು. ಪರಮೇಶಪ್ಪ ಮಣ್ಣು ಉಂಡೆ ಕಟ್ಟಿ, ಒಡೆದು, ನೋಡ್ತಿದ್ರು. ಜೆಸಿಬಿ ಯಾವಾಗ ಬರುತ್ತೆ ಅನ್ನೋ ತನಕ ಮಾತು ಬಂದಿತ್ತು. ಸರೋಜಮ್ಮ ಸ್ವಲ್ಪ ದೂರದಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ಲು.

"ಬರ್ರಿ ಮೇಡಂನೋರೆ" ಅಂದ್ರು ಪರಮೇಶಪ್ಪ. "ನೀವು ಮಣ್ಣು ಓದಿದೋರು. ಹೆಂಗೈತ್ರಿ ಇದು? ಸುಣ್ಣ ಐತಿ ಅಂತಾರ, ನಿಜ ಏನು?"

ನೋಡಿ, ಆ ಗಳಿಗೆ. ಚೌಳು ಅಂದ್ರೆ ಕೆರಿಯಪ್ಪನ ಹೊಲಕ್ಕೆ ಮುದ್ರೆ ಬಿತ್ತು. ನಾಳೆ ಶಿಕಾರಿಪುರದ ಸಂತೆಗೆ ಸುದ್ದಿ, ನಾಡಿದ್ದು ನಮ್ಮ ಮ್ಯಾನೇಜರ್ ಕಿವಿಗೆ. ನನ್ನ ಕೆಲಸನೂ ಹೋಗಬಹುದು. ಅನ್ನಲಿಲ್ಲ ಅಂದ್ರೆ ಜೆಸಿಬಿ. ಬ್ಯಾಗಿಂದ ಲ್ಯಾಬಿನ ಕಾಗದ ತೆಗೆದೆ, ಮತ್ತೆ ಒಳಗಿಟ್ಟೆ.

ಸರೋಜಮ್ಮ ಅಲ್ಲಿಂದ್ಲೇ ಕೂಗಿದ್ಲು. "ಸುಣ್ಣ ಅಲ್ಲ ಮಾರ್ರೆ. ಚೌಳು. ನಾನೇ ತಿಂದು ನೋಡೀನಿ."

ಕೆರಿಯಪ್ಪನ ಮುಖ ಕಪ್ಪಿಟ್ಟಿತು. "ಏಯ್, ಬಾಯ್ಮುಚ್ಚು!"

"ಯಾಕೆ ಮುಚ್ಲಿ? ಎಲ್ಲರೂ ಬಾಯ್ಮುಚ್ಕಂಡಿದ್ದಕ್ಕೇ ಈ ನೆಲ ನಮ್ಮ ಕೊರಳಿಗೆ ಬಿದ್ದಿದ್ದು. ಚೌಳು, ಚೌಳು, ಚೌಳು! ಊರಿಗೆಲ್ಲ ಕೇಳ್ಲಿ!"

ಪರಮೇಶಪ್ಪ ಕೈಲಿದ್ದ ಮಣ್ಣನ್ನ ಒಂದು ಸಲ ನೋಡಿದ್ರು. ಮೆಲ್ಲಗೆ ನಾಲಿಗೆಗೆ ಮುಟ್ಸಿದ್ರು. ಆಮೇಲೆ ತಮ್ಮದೇ ಗುಂಡಿ ಕಡೆ ತಿರುಗಿ, "ಅಯ್ಯೋ ಶಿವನೆ" ಅಂದ್ರು. "ಇದಕ್ಕೇನಾ ಹೋದ ಸಲದ ಇಟ್ಟಿಗೆಗೆಲ್ಲ ಬಿಳಿ ಹೂವು ಬಿಟ್ಟಿದ್ದು! ಗೋಡೆ ಕಟ್ಟಿದ ಮ್ಯಾಲೆ ಪುಡಿ ಪುಡಿ ಉದುರ್ತಾವ ಅಂತ ಮೇಸ್ತ್ರಿಗಳು ನನ್ನ ಮನಿತನಕ ಬಂದು ಬೈದು ಹೋದ್ರು. ನಾನು ಸುಡೋ ಹುಡುಗ್ರಿಗೆ ಬೈದಿದ್ದೆ."

ಕೈ ಒರೆಸ್ಕೊಂಡು ಬುಲೆಟ್ ಹತ್ತಿದ್ರು. "ಕೆರಿಯಪ್ಪಣ್ಣ, ಬ್ಯಾಡ್ರಿ. ಪುಗಸಟ್ಟೆ ಕೊಟ್ರೂ ಬ್ಯಾಡ" ಅಂದು ಹೋಗೇಬಿಟ್ರು.

ಯಾವ ಪದಕ್ಕೆ ಇಡೀ ಸೀಮೆ ಹೆದರ್ತಿತ್ತೋ ಅದೇ ಪದ ಆ ಹೊಲನ ಉಳಿಸ್ತು. ಹಂಗಂತ ನಾನು ಸಿಹಿ ಹಂಚಿದೆ ಅಂದ್ಕೋಬೇಡಿ. ಕೆರಿಯಪ್ಪ ಹೆಂಡ್ತಿ ಕಡೆ ತಿರುಗಿ, "ಇನ್ನ ಮಾರಂಗೂ ಇಲ್ಲ, ಬಿಡಂಗೂ ಇಲ್ಲ. ತೃಪ್ತಿ ಆಯ್ತಾ?" ಅಂದು ನಡೆದುಬಿಟ್ರು. ಅವತ್ತಿಂದ ಹೆಂಡ್ತಿ ಜೊತೆ ಮಾತು ನಿಂತ್ಹೋಯ್ತು. ಊಟ ಬಡಿಸು ಅನ್ನೋಕೂ ಮಗಳ ಕೈಲಿ ಹೇಳಿ ಕಳಿಸ್ತಿದ್ರಂತೆ. ಊರಲ್ಲಿ ಅವರಿಗೆ ಚೌಳು ಕೆರಿಯಪ್ಪ ಅಂತ ಹೆಸರು ಬಿತ್ತು.

ಈಗ ನನ್ನ ಭಯ ಎರಡು ಪಟ್ಟು. ಅವರಿಗೆ ಹಿಂದಕ್ಕೆ ಹೋಗೋ ದಾರಿ ಇಲ್ಲ. ತೊಳೆದ್ರೆ ಬದುಕುತ್ತೆ ಅಂತ ಸರೋಜಮ್ಮನಿಗೆ ಹೇಳಿದ್ದೆ, ಆ ಮಾತು ಸುಳ್ಳಾದ್ರೆ ಆ ಇಬ್ಬರು ಒಂದು ಉಪ್ಪಿನ ಬಯಲಲ್ಲಿ ನಿಂತಿರ್ತಾರೆ.

ಆ ಮಳೆಗಾಲ ಏನೂ ಬಿತ್ತಿಸಲಿಲ್ಲ. ಹೊಲನ ಮಡಿ ಮಡಿ ಮಾಡಿ, ಬದು ಎತ್ತರಿಸಿ, ಮಳೆ ನೀರು ನಿಲ್ಲಿಸೋದು. ಮಳೆ ನೀರಿಗಿಂತ ಸಿಹಿ ನೀರು ಯಾವ್ದಿದೆ? ಚಾನಲ್ ನೀರು ಬಂದಾಗ ಅದನ್ನೂ ಕಟ್ಟೋದು. ನೀರು ಉಪ್ಪು ಕರಗಿಸ್ಕೊಂಡು ಕೆಳಗಿಳಿಯುತ್ತೆ. ಆ ಕೆಳಗಿನ ನೀರು ಹೊರಗೆ ಹೋಗೋಕೆ ಆಳವಾದ ಬಸಿಗಾಲುವೆ ಬೇಕು. ಕಾಲುವೆ ಎಲ್ಲಿಗೆ ಬಿಡೋದು? ಹಳ್ಳಕ್ಕೆ ಬಿಟ್ರೆ ಕೆಳಗಿನೋರ ಹೊಲಕ್ಕೆ ನಮ್ಮ ಉಪ್ಪು. ನಾನು ಅದಕ್ಕೆ ಒಪ್ಪಲಿಲ್ಲ. ಆಗ ಸರೋಜಮ್ಮನೇ ತೋರಿಸಿದ್ಲು, ಪರಮೇಶಪ್ಪನ ಗುಂಡಿ. ಹೊಲಕ್ಕಿಂತ ತಗ್ಗು, ಯಾರಿಗೂ ಬೇಡದ ಜಾಗ. ಹೋಗಿ ಕೇಳಿದ್ರೆ ಪರಮೇಶಪ್ಪ ನಕ್ಕುಬಿಟ್ರು.

"ಮಣ್ಣು ಕೊಡ್ರಿ ಅಂದ್ರೆ ಉಪ್ಪು ಕೊಡ್ತೀರೇನಮ್ಮ? ತಗೊಂಡ್ಹೋಗಿ ಸುರೀರಿ. ಆ ಗುಂಡಿಗೆ ಇನ್ನೇನು ಕೆಡೋದೈತಿ?"

ಮಳೆಯ ಭರಾಟೆ ತಗ್ಗಿದ ಮೇಲೆ ಡಯಂಚ ಚೆಲ್ಲಿಸಿದ್ವಿ. ಅದು ಉಪ್ಪಿಗೆ ಹೆದರದ ಹಸಿರೆಲೆ ಗೊಬ್ಬರದ ಗಿಡ, ಹೂ ಬಿಡೋ ಹೊತ್ತಿಗೆ ಮಣ್ಣಿಗೆ ಸೇರಿಸಿ ಉಳೋದು. ಕೆರಿಯಪ್ಪ ಟ್ರ್ಯಾಕ್ಟರ್ ತಂದು ಉತ್ತು ಹೋದ್ರು, ಒಂದು ಮಾತಿಲ್ಲ. ಬೇಸಿಗೇಲಿ ನೆಲ ಬರಿದು ಬಿಡಬಾರದು, ಬಿಟ್ರೆ ಬಿಸಿಲು ಉಪ್ಪನ್ನ ಮತ್ತೆ ಮೇಲಕ್ಕೆ ಎಳೆಯುತ್ತೆ. ಅದಕ್ಕೆ ಜೋಳದ ಸೊಪ್ಪೆ ತಂದು ಹೊದಿಸಿದ್ಲು ಸರೋಜಮ್ಮ. ಹೋಗೋ ಬರೋರು, "ಏನಮ್ಮಾ, ಹೊಲಕ್ಕೆ ಚಳಿನಾ?" ಅಂತ ಕೇಳೋರು. "ಹೌದು, ನಿಮ್ಮನೆ ಕಂಬಳಿ ಇದ್ರೆ ಕೊಡಿ" ಅನ್ನೋಳು ಇವಳು.

ಮುಂದಿನ ವರ್ಷ ಹತ್ತಿ. ಈಗ ಹತ್ತಿ ಬಗ್ಗೆ ಹೇಳ್ಬೇಕು. ಬೆಳೆಗಳಲ್ಲಿ ಉಪ್ಪು ತಡ್ಕೊಳ್ಳೋ ಗಟ್ಟಿ ಜೀವ ಅಂದ್ರೆ ಹತ್ತಿನೇ. ಬೇರು ಆಳಕ್ಕೆ ಇಳಿದ ಮೇಲೆ ಸುಲಭಕ್ಕೆ ಸಾಯಲ್ಲ. ಆದ್ರೆ ಹುಟ್ಟೋವಾಗ ಮಾತ್ರ ಹಸುಗೂಸು. ಮಣ್ಣು ಒದ್ದೆ ಇದ್ರೂ ಉಪ್ಪು ಆ ನೀರನ್ನ ಹಿಡ್ಕೊಂಡು ಬಿಡಲ್ಲ. ಬೀಜ ನೀರಿನ ನಡುವೆ ಕೂತು ಬಾಯಾರಿ ಸಾಯುತ್ತೆ. ಹಿಂದಿನ ವರ್ಷ ಸರೋಜಮ್ಮನ ಕೈಲಿದ್ದ ಕಂದು ಬೇರು ಅದೇ. ಹಂಗಾಗಿ ಇಡೀ ಜಾಣತನ ಇರೋದು ಮೊದಲ ಕೆಲವು ವಾರಗಳಲ್ಲಿ.

ಚಾನಲ್ ನೀರಿಗೆ ಕಾದು, ಒಮ್ಮೆ ತುಂಬ ಹಾಯಿಸಿ, ಹದ ಬಂದ ಮೇಲೆ ಬಿತ್ತಿಸಿದೆ. ಎರಡು ಸಾಲಿನ ನಡುವಿನ ಏರಿಗೆ ದಿಂಡು ಅಂತಾರಲ್ಲ, ಅದರ ನೆತ್ತಿ ಮೇಲೆ ಹಾಕಬೇಡಿ ಅಂದೆ. ಸಾಲಲ್ಲಿ ನೀರು ಬಿಟ್ರೆ ಅದು ದಿಂಡಿನೊಳಗೆ ಏರಿ ನೆತ್ತಿ ಮೇಲೆ ಉಪ್ಪು ಕೂರಿಸುತ್ತೆ. ಬೀಜ ಇಡಬೇಕಾದ್ದು ದಿಂಡಿನ ಪಕ್ಕೆಗೆ, ನೀರು ಮುಟ್ಟೋ ಗೆರೆಯ ಹತ್ರ. ಒಂದೊಂದು ಗುಣಿಗೆ ಒಂದೆರಡು ಬೀಜ ಹೆಚ್ಚಿಗೆ, ಎಲ್ಲ ಹುಟ್ಟಿದ್ರೆ ಆಮೇಲೆ ಕೀಳೋದು.

ಬಿತ್ತಿದ ಸ್ವಲ್ಪ ದಿನಕ್ಕೆ ತುಂತುರು ಬಂತು. ಊರೆಲ್ಲ ಖುಷಿ. ಚಾ ಅಂಗಡಿ ಮುಂದೆ ಕೈ ಚಾಚಿ ಹನಿ ಹಿಡೀತಿದ್ರು. ನನಗೆ ಬೆವರು. ಯಾಕಂದ್ರೆ ಉಪ್ಪಿನ ಹೊಲಕ್ಕೆ ಜೋರು ಮಳೆ ದೇವರು, ತುಂತುರು ಯಮ. ಮೇಲೆ ಕೂತಿರೋ ಉಪ್ಪನ್ನ ತೊಳೆದು ಹೊರಗೆ ಹಾಕೋ ಶಕ್ತಿ ಅದಕ್ಕಿಲ್ಲ. ಕರಗಿಸಿ ಸರಿಯಾಗಿ ಎಳೆ ಬೇರಿನ ಬಾಯಿಗೆ ತಂದು ನಿಲ್ಲಿಸುತ್ತೆ, ಅಷ್ಟೆ. ಸ್ಕೂಟಿ ಮೇಲೆ ನೆನೀತಾ ಹೋದೆ.

"ಸರೋಜಾ, ಚಾನಲ್ ನೀರು ತಿರುಗ್ಸು. ಈಗ್ಲೇ. ಜೋರಾಗಿ ಹೋಗ್ಲಿ."

"ಮಳೆ ಬೀಳ್ತಿರ್ಬೇಕಾರೆ?"

"ಮಳೆ ಬೀಳ್ತಿರೋದಕ್ಕೇ!"

ಬದುವಿನ ಮೇಲಿದ್ದೋರು ನಕ್ಕರು. ಮಳೇಲಿ ನೀರು ಹಾಯಿಸೋ ಹುಚ್ಚಿಯನ್ನ ಅವರು ಅವತ್ತೇ ನೋಡಿದ್ದು. ಸರೋಜಮ್ಮ ಒಬ್ಬಳೇ ಗುದ್ದಲಿ ಹಿಡಿದು ಮಡಿ ಒಡೆಯೋಕೆ ಶುರು ಮಾಡಿದ್ಲು. ಒದ್ದೆ ಕಪ್ಪು ಮಣ್ಣು, ಗುದ್ದಲಿಗೆ ಅಂಟ್ಕೊಂಡು ಬಿಡಲ್ಲ. ನಾನೂ ಇಳಿದೆ, ಈ ಮಂಡಿ ಇಟ್ಕೊಂಡು. ಆಗ ಹಿಂದಿನಿಂದ ಯಾರೋ ಬಂದು ಅವಳ ಕೈಯಿಂದ ಗುದ್ದಲಿ ಕಿತ್ಕೊಂಡ್ರು. ಕೆರಿಯಪ್ಪ. ನಗ್ತಿದ್ದೋರ ಕಡೆ ತಿರುಗಿ ಅಂದ್ರು, "ಚೌಳು ಹೊಲ ನಂದು. ನಿಮ್ಮಪ್ಪನ ಮನೆ ಗಂಟೇನು ಹೋತು?"

ಮಾತು ಬಿಟ್ಟ ಗಂಡ ಹೆಂಡ್ತಿ ಇಬ್ರೂ ಆ ಮಳೇಲಿ ನೀರು ತಿರುಗಿಸ್ತಾ ಇದ್ರು. ಕತ್ತಲಾಗೋ ಮುಂಚೆ ಎಲ್ಲ ಸಾಲಲ್ಲೂ ನೀರು ಹೋಯ್ತು.

ಮೊಳಕೆ ಬರೋ ತನಕ ನಾನು ಆ ದಾರಿ ಬಿಟ್ಟು ಬೇರೆ ದಾರೀಲಿ ಓಡಾಡಿದೆ, ನೋಡೋ ಧೈರ್ಯ ಇರಲಿಲ್ಲ. ಒಂದು ದಿನ ಸರೋಜಮ್ಮನ ಫೋನು. ಹಲೋ ಅನ್ನೋಕೂ ಬಿಡದೆ ಅಂದ್ಲು, "ಎದ್ದಾವೆ ಅಕ್ಕ. ಎಲ್ಲಾ ಅಲ್ಲ. ಎದ್ದಾವೆ."

ಭಯ ಅಲ್ಲಿಗೆ ಮುಗೀತಾ? ಇಲ್ಲ. ಗಿಡ ಮಂಡಿಯುದ್ದ ಬಂದಾಗ ಕೆಳಗಿನ ಎಲೆಗಳ ಅಂಚು ಸುಟ್ಟಂಗಾಗಿ ಉದುರೋಕೆ ಶುರು. ಔಷಧಿ ಅಂಗಡಿಯೋರು ಆಗ್ಲೇ ಬಾಟ್ಲಿ ಕೊಟ್ಟು ಕಳಿಸಿದ್ರು. ಕೆರಿಯಪ್ಪ ಸ್ಪ್ರೇಯರ್ ಬೆನ್ನಿಗೆ ಏರಿಸ್ಕೊಂಡು ನಿಂತಿದಾರೆ. ನಾನು ಗಿಡ ನೋಡಿದೆ. ಕೆಳಗಿನ ಹಳೇ ಎಲೆ ಸುಟ್ಟಿದೆ, ತುದಿಯ ಎಳೆ ಎಲೆ ಚೊಕ್ಕವಾಗಿದೆ. ಎಲೆ ಸಣ್ಣ, ದಪ್ಪ, ಕಡು ಹಸಿರು. ಇದು ರೋಗ ಅಲ್ಲ, ಹತ್ತಿ ಮಾಡೋ ಕೆಲಸ. ಒಳಗೆ ನುಗ್ಗಿದ ಉಪ್ಪನ್ನ ಹಳೇ ಎಲೆಗಳಿಗೆ ತುಂಬಿ, ಎಳೇದನ್ನ ಕಾಪಾಡ್ಕೊಂಡು, ಆಮೇಲೆ ಆ ಹಳೇ ಎಲೆನೇ ಬಿಸಾಕುತ್ತೆ.

"ಇದು ರೋಗ ಅಲ್ಲ, ಗಿಡ ಸಾಯಲ್ಲ. ಬಾಟ್ಲಿ ವಾಪಸ್ ಕೊಡಿ. ಉದುರಿದ ಎಲೆ ಆರಿಸಿ ಹೊಲದಿಂದ ಆಚೆ ಹಾಕಿ. ನೀರು ತಪ್ಪಿಸ್ಬೇಡಿ" ಅಂದೆ. ಬಾಯಲ್ಲಿ ಗಟ್ಟಿಯಾಗಿ ಅಂದೆ, ಹೊರಡೋ ಮುಂಚೆ ಇನ್ನೊಂದು ಸಾಲಿನ ಎಲೆನೂ ಮಗುಚಿ ಮಗುಚಿ ನೋಡಿದೆ. ರೋಗನೇ ಆಗಿದ್ರೆ ಇಡೀ ಹೊಲ ಹೋಗ್ತಿತ್ತು.

ಕೆರಿಯಪ್ಪ ಸ್ಪ್ರೇಯರ್ ಕೆಳಗಿಳಿಸಿ, ನನಗೆ ಕೇಳ್ಸಲಿ ಅಂತ ಗಿಡಕ್ಕೆ ಹೇಳಿದ್ರು, "ಕೇಳ್ದೇನೇ? ಸಾಯಲ್ವಂತೆ ನೀನು."

ಗಿಡ ಗಿಡ್ಡಕ್ಕೇ ಉಳೀತು. ಕಾಯಿ ಸಣ್ಣ. ಒಳ್ಳೇ ಹೊಲದ ಮುಂದೆ ತಲೆ ಎತ್ತೋ ಹಂಗಿರಲಿಲ್ಲ. ಆದ್ರೆ ಅರಳ್ತು. ಮೊದಲ ಬಿಡಿಸೋ ದಿನ ನಾನೂ ಹೋಗಿದ್ದೆ. ಸರೋಜಮ್ಮ ಉಡಿ ತುಂಬ ಹತ್ತಿ ಕಟ್ಕೊಂಡು ಬದುವಿಗೆ ಬಂದ್ಲು. ಕೆರಿಯಪ್ಪ ಅವಳ ಉಡಿ ನೋಡಿ, ನೆಲ ನೋಡಿ, ಅವಳಿಗೇ ಅಂತ ಮೊದಲನೇ ಮಾತಾಡಿದ್ರು.

"ಏನೇ ಚೌಳಮ್ಮ, ಈ ಬಿಳೀದು ಹತ್ತಿನೋ, ಉಪ್ಪೋ?"

"ನಾಲಿಗೆಗೆ ಹಾಕಿ ನೋಡ್ರಿ" ಅಂದ್ಲು ಅವಳು.

ಅಲ್ಲಿಗೆ ನಿಲ್ಲಿಸಿದ್ರೆ ಚೆನ್ನಾಗಿರ್ತಿತ್ತು. ಆದ್ರೆ ಅವತ್ತು ಅವಳು ನನ್ನನ್ನ ಹೊಲದ ಅಂಚಿಗೆ ಕರ್ಕೊಂಡು ಹೋಗಿ ಗುಂಡಿ ತೋರಿಸಿದ್ಲು. ಬಸಿಗಾಲುವೆ ನೀರು ಬಂದು ಬಂದು, ಒಣಗಿ ಒಣಗಿ, ಗುಂಡಿಯ ಗೋಡೆ ಸುತ್ತ ಬೆಳ್ಳಗೆ ಪಟ್ಟೆ ಕಟ್ಟಿತ್ತು. ಒಂದರ ಮೇಲೊಂದು. ಅಷ್ಟು ಉಪ್ಪು ಒಂದು ಕಾಲಕ್ಕೆ ಅವಳ ಹೊಲದ ಹೊಟ್ಟೇಲಿತ್ತು. ಕೊಕ್ಕರೆ ಕೂಡ ಇಳಿಯದ ನೀರು ಅದು.

"ಇದು ತುಂಬಿದ್ರೆ ಅಕ್ಕ?" ಅಂದ್ಲು ಮೆಲ್ಲಗೆ, ಗಂಡನಿಗೆ ಕೇಳಬಾರದು ಅಂತ.

ಕೆಲಸ ಬಿಟ್ಟ ಮೇಲೂ ಬೇಸಿಗೇಲಿ ಒಂದು ಸಲ ಹೋಗಿ ಆ ಬಿ​ಳಿ ಪಟ್ಟೆ ಎಲ್ಲಿಗೆ ಬಂತು ಅಂತ ನೋಡಿ ಬರ್ತೀನಿ. ಅವರು ಇನ್ನೂ ಹತ್ತಿ ಹಾಕ್ತಿದಾರೆ. ಪ್ರತಿ ವರ್ಷ ತೊಳೀತಾರೆ, ಪ್ರತಿ ವರ್ಷ ಹೆದರ್ತಾರೆ. ಇದನ್ನ ಬರೆಯೋ ಮುಂಚೆ ಸರೋಜಮ್ಮನ್ನ ಕೇಳಿದೆ. "ಬರಿ ಅಕ್ಕ, ಆದ್ರೆ ಸುಣ್ಣ ಅಂತ ಬರೀಬೇಡ" ಅಂದ್ಲು.

ಅದಕ್ಕೆ ಈಗ ನೀವು ಹೇಳಿ. ನಿಮ್ಮ ಸೀಮೇಲಿ ಈ ನೆಲಕ್ಕೆ ಏನಂತಾರೆ? ಎದುರಿಗೆ ಏನಂತಾರೆ, ಬೆನ್ನ ಹಿಂದೆ ಏನಂತಾರೆ? ಯಾವ ಮಾತಲ್ಲಿ ಮುಚ್ಚಿಟ್ಟು ನಿಮಗೆ ಮಾರಿದ್ರು, ನೀವು ಯಾವ ಮಾತಲ್ಲಿ ಮುಚ್ಚಿಡ್ತಿದೀರಿ? ಹೊಲ ತೊಳೆದೋರು ಯಾರಾದ್ರೂ ಇದ್ರೆ, ಆ ನೀರು ಎಲ್ಲಿಗೆ ಬಿಟ್ರಿ, ಆ ಜಾಗ ಈಗ ಹೆಂಗಿದೆ, ಅದನ್ನೂ ಕೆಳಗೆ ಬರೀರಿ. ಸರೋಜಮ್ಮ ಒಂದೊಂದು ಕಮೆಂಟೂ ಓದ್ತಾಳೆ, ಅವಳಿಗೆ ಆ ಗುಂಡಿ ಬಗ್ಗೆ ಒಂದು ಉತ್ತರ ಬೇಕಿದೆ.